ಬ್ಯಾಡಗಿ ಮೆಣಸಿನಕಾಯಿ: ನೇರ ರಫ್ತೋ, ರಫ್ತುದಾರರ ಮೂಲಕವೋ?

ಹಾವೇರಿ ಕಡೆಯ ರೈತ ಉತ್ಪಾದಕ ಕಂಪನಿಗಳು ಪದೇ ಪದೇ ಕೇಳುವ ಪ್ರಶ್ನೆಯಿದು.

ಮೊದಲು ಖರ್ಚು. ನೇರ ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತುದಾರರ ಕೋಡ್ ಸಂಖ್ಯೆ) ಶುಲ್ಕ 500 ರೂಪಾಯಿ ಅಷ್ಟೇ. ಜೊತೆಗೆ ಸಾಂಬಾರ ಮಂಡಳಿಯ ನೋಂದಣಿ, ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ. ನಿಜವಾದ ಭಾರ ಬಂಡವಾಳದ್ದು: ವಿದೇಶದಿಂದ ಹಣ ಬರುವವರೆಗೆ ರೈತರು ಕಾಯುವುದಿಲ್ಲ.

ರಫ್ತುದಾರರಿಗೆ ಮಾರಿದರೆ ದುಡ್ಡು ಬೇಗ ಕೈಸೇರುತ್ತದೆ, ಲಾಭ ಕಡಿಮೆ. ಅವರಿಗೆ ರಫ್ತಿನ ಮಾಲಿಗೆಂದು ಇರುವ 0.1% ರಿಯಾಯಿತಿ ಜಿಎಸ್‌ಟಿಯಲ್ಲಿ ಬಿಲ್ ಮಾಡಿದರೆ ಎಚ್ಚರವಿರಲಿ. ಬಿಲ್ ದಿನಾಂಕದಿಂದ 90 ದಿನದೊಳಗೆ ಮಾಲು ರಫ್ತಾಗದಿದ್ದರೆ ಉಳಿದ ತೆರಿಗೆ ನಿಮ್ಮ ತಲೆಗೇ ಬರುತ್ತದೆ. ಮಾಲು ರಫ್ತಾದದ್ದಕ್ಕೆ ದಾಖಲೆಯಾಗಿ ಶಿಪ್ಪಿಂಗ್ ಬಿಲ್ಲಿನ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಪತ್ರ) ಪ್ರತಿ ಕೇಳಿ ಪಡೆಯಿರಿ.

ಹೆಚ್ಚಿನವರು ಎಡವುವುದು ಗುಣಮಟ್ಟದಲ್ಲಿ. ಯುರೋಪಿನ ಒಕ್ಕೂಟದಲ್ಲಿ ಒಣಮೆಣಸಿನಕಾಯಿಗೆ ಅಫ್ಲಾಟಾಕ್ಸಿನ್ ಬಿ1 (ಬೂಷ್ಟಿನಿಂದ ಹುಟ್ಟುವ ವಿಷ) ಮಿತಿ ಕಿಲೋಗೆ 5 ಮೈಕ್ರೋಗ್ರಾಂ. ಬರಿ ನೆಲದ ಮೇಲೆ ಒಣಗಿಸಿದರೆ, ಚೀಲ ತುಂಬುವಾಗ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಹೊರಗಿನ ಕೆಂಪು ನೋಡಿ ಅದು ಗೊತ್ತಾಗುವುದಿಲ್ಲ. ಕಂಟೇನರ್ ವಾಪಸಾದರೆ ನೇರ ರಫ್ತಿನಲ್ಲಿ ನಷ್ಟವೆಲ್ಲ ನಿಮ್ಮದೇ.

ತಾಡಪಾಲಿನ ಮೇಲೆ ಒಣಗಿಸಿ, ಪ್ರತಿ ಲಾಟ್ ಪರೀಕ್ಷೆ ಮಾಡಿಸುವ, ಕಾಯಂ ಖರೀದಿದಾರರಿರುವ ಕಂಪನಿಗೆ ನೇರ ರಫ್ತು ಸರಿ. ಹೊಸ ಖರೀದಿದಾರರಾದರೆ ಎಲ್‌ಸಿ (ಹಣ ಪಾವತಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರ) ಇಲ್ಲದೆ ಲೋಡ್ ಮಾಡಬೇಡಿ. ಮಾಲು ಹತ್ತಾರು ಹೊಲಗಳಿಂದ ಬೆರೆತು ಬರುತ್ತಿದ್ದರೆ, ಸದ್ಯಕ್ಕೆ ರಫ್ತುದಾರರೇ ಮೇಲು.