ಕಾಫಿಪುಡಿ ಗ್ರಾಹಕರಿಗೆ ತಾನಾಗಿ ಹೋಗುವ ಇಮೇಲ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಚಿಕ್ಕಮಗಳೂರಿನಲ್ಲಿ ಸಣ್ಣ ಕಾಫಿಪುಡಿ ವ್ಯಾಪಾರ. ಹುರಿಯೋದು, ಪುಡಿ ಮಾಡೋದು, ಪ್ಯಾಕ್ ಮಾಡೋದು ಎಲ್ಲ ನಾನು ಮತ್ತು ನನ್ನ ಹೆಂಡತಿ. ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಒಮ್ಮೆ ಕೊಂಡವರು ಪುಡಿ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದರು. ಡಬ್ಬಿ ಖಾಲಿಯಾದ ದಿನ ಮಾತ್ರ ಪಕ್ಕದ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದುಬಿಡುತ್ತಿದ್ದರು. ಅದಕ್ಕೇ ಗ್ರಾಹಕರಿಗೆ ನಾವು ಹೇಳಿದ ದಿನ ತಾನಾಗಿ ಮೇಲ್ ಕಳಿಸುವ ಈ ಇಮೇಲ್ ಸೇವೆಗೆ ಸೇರಿದೆ.

ಮೊದಲ ಆರು ತಿಂಗಳು ತುಂಬಾ ತಪ್ಪು ಮಾಡಿದೆ. ಸೇವೆಯವರ ಜೊತೆಗೇ ಬರುವ ರೆಡಿ ಮೇಲ್‌ಗಳು ಆರ್ಡರ್ ಬಂದ ದಿನದಿಂದ ಲೆಕ್ಕ ಹಾಕುತ್ತವೆ. ಒಂದು ಸಲ ಮಳೆಗಾಲದಲ್ಲಿ ಘಾಟಿ ಕುಸಿದು ಪಾರ್ಸೆಲ್ ಎಂಟು ದಿನ ತಡವಾಯಿತು. ಮಂಗಳೂರಿನ ಒಬ್ಬ ಹಿರಿಯರಿಗೆ ಐದನೇ ದಿನವೇ 'ಕಾಫಿ ಹೇಗಿತ್ತು?' ಅಂತ ಮೇಲ್ ಹೋಗಿದೆ. 'ಮೊದಲು ಕಾಫಿಪುಡಿ ಕಳಿಸಿ, ಆಮೇಲೆ ಕೇಳಿ' ಅಂತ ಉತ್ತರ ಬಂತು. ಓದಿ ತುಂಬಾ ಬೇಜಾರಾಯಿತು. ಅವತ್ತೇ ಎಲ್ಲ ಮೇಲ್‌ಗಳನ್ನೂ ಪಾರ್ಸೆಲ್ ಕೈಸೇರಿದ ದಿನದಿಂದ ಲೆಕ್ಕ ಹಾಕುವ ಹಾಗೆ ಬದಲಾಯಿಸಿದೆ.

ಹೆಸರಿನದು ಇನ್ನೊಂದು ಪಾಡು. ಮೇಲ್‌ನಲ್ಲಿ ಗ್ರಾಹಕರ ಮೊದಲ ಹೆಸರು ತಾನಾಗಿ ಬರುತ್ತೆ ಅಂತಾರೆ. ಆದರೆ ನಮ್ಮ ಕಡೆಯವರು ಇನಿಶಿಯಲ್ ಮೊದಲು ಬರೀತಾರೆ ಅಲ್ವಾ? ಎಷ್ಟೋ ಜನರಿಗೆ 'ಹಾಯ್ ಎಚ್' ಅಂತ ಹೋಗಿತ್ತು. ಅರವತ್ತು ದಾಟಿದವರಿಗೆ ಹಾಗೆ ಕರೆದರೆ ಹೇಗಿರುತ್ತೆ ಹೇಳಿ. ಈಗ ಹೆಸರೇ ತೆಗೆದುಹಾಕಿ ಬರೀ 'ನಮಸ್ಕಾರ' ಅಂತ ಶುರು ಮಾಡುತ್ತೇನೆ. ಕೆಳಗೆ ನಮ್ಮಿಬ್ಬರ ಹೆಸರು ಇರುತ್ತೆ.

ಈಗ ಇಟ್ಟುಕೊಂಡಿರೋದು ಎರಡೇ ಮೇಲ್. ಒಂದು ಪುಡಿ ತಲುಪಿದ ಮಾರನೇ ದಿನ ಹೋಗುತ್ತೆ. ಅದರಲ್ಲಿ ಮಾರಾಟದ ಮಾತೇ ಇಲ್ಲ. ಫಿಲ್ಟರ್‌ನಲ್ಲಿ ಪುಡಿಯನ್ನು ಗಟ್ಟಿಯಾಗಿ ಒತ್ತಬೇಡಿ, ಮೊದಲು ಸ್ವಲ್ಪ ಬಿಸಿನೀರು ಹಾಕಿ ಪುಡಿ ನೆನೆಯಲು ಬಿಡಿ, ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ಇಷ್ಟೇ. ಇದಕ್ಕೇ ಅತಿ ಹೆಚ್ಚು ಉತ್ತರ ಬರುತ್ತೆ. 'ಡಿಕಾಕ್ಷನ್ ಇಳಿಯುತ್ತಲೇ ಇಲ್ಲ' ಅಂತ ಬರೆದವರಿಗೆ ಮುಂದಿನ ಸಲ ಸ್ವಲ್ಪ ತರಿ ಪುಡಿ ಕಳಿಸಿದ್ದೇನೆ. ಅವರೆಲ್ಲ ಇವತ್ತಿಗೂ ನಮ್ಮ ಗ್ರಾಹಕರು. ಹಾಗಾಗಿ ಉತ್ತರ ಬರೆಯಲು ಆಗದ 'ನೋ ರಿಪ್ಲೈ' ವಿಳಾಸದಿಂದ ದಯವಿಟ್ಟು ಕಳಿಸಬೇಡಿ.

ಎರಡನೆಯದು 'ಪುಡಿ ಮುಗಿಯುತ್ತಾ ಬಂತಾ?' ಅನ್ನೋ ಮೇಲ್. ಬೆಳಿಗ್ಗೆ ಸಂಜೆ ಇಬ್ಬರು ಕುಡಿಯುವ ಮನೆಯಲ್ಲಿ ಅರ್ಧ ಕೆಜಿ ಸುಮಾರು 20 ದಿನ ಬರುತ್ತೆ. ಪಾರ್ಸೆಲ್‌ಗೆ ಮೂರ್ನಾಲ್ಕು ದಿನ ಬೇಕು. ಹಾಗಾಗಿ ಹದಿನೈದನೇ ದಿನ ಕಳಿಸುತ್ತೇನೆ. ಮೊದಲು ಇದರ ಜೊತೆ ರಿಯಾಯಿತಿ ಕೂಪನ್ ಕೊಡುತ್ತಿದ್ದೆ. ಜನ ಕೂಪನ್‌ಗೆ ಅಂತಲೇ ಕಾಯಲು ಶುರು ಮಾಡಿದರು. ಅದನ್ನು ನಿಲ್ಲಿಸಿದೆ, ಆರ್ಡರ್ ಏನೂ ಕಮ್ಮಿಯಾಗಲಿಲ್ಲ.

ತೊಡಕು ಇಲ್ಲ ಅಂತಲ್ಲ. ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗಿ ಆ ವಿಳಾಸದವರೇ ಕಳಿಸಿದ್ದು ಅಂತ ತೋರಿಸುವ ಸೆಟ್ಟಿಂಗ್‌ಗಳು) ಮೂರೂ ಕಡ್ಡಾಯ. ನಮ್ಮಂಥ ಸಣ್ಣವರಿಗೆ ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು. ನಾನು ಒಂದು ಭಾನುವಾರ ಕೂತು ಮೂರನ್ನೂ ನಮ್ಮ ಡೊಮೇನ್‌ಗೆ, ಅಂದರೆ ನಮ್ಮ ಹೆಸರಿನ ಇಂಟರ್ನೆಟ್ ವಿಳಾಸಕ್ಕೆ, ಸೇರಿಸಿದೆ. ಆದರೂ ಕೆಲವರಿಗೆ ಜಿಮೇಲ್ ಜಾಹೀರಾತು ಮೇಲ್‌ಗಳನ್ನು ಬೇರೆ ಇಡುವ ಪ್ರಮೋಷನ್ಸ್ ಟ್ಯಾಬ್‌ಗೇ ಹೋಗುತ್ತೆ. ಎಷ್ಟು ಜನ ತೆರೆದರು ಅನ್ನುವ ಲೆಕ್ಕವನ್ನೂ ನಂಬಬೇಡಿ. ಮೇಲ್‌ನಲ್ಲಿರುವ ಚಿತ್ರ ಇಳಿದರೆ ತೆರೆದರು ಅಂತ ಲೆಕ್ಕ ಹಾಕುತ್ತಾರೆ. 2021ರಿಂದ ಆ್ಯಪಲ್ ಮೇಲ್ ಆ್ಯಪ್ ಮೇಲ್‌ನ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತೆ. ಓದದಿದ್ದರೂ ಓದಿದ ಹಾಗೆ ಕಾಣುತ್ತೆ. ನಾನು ಮತ್ತೆ ಬಂದ ಆರ್ಡರ್ ಮಾತ್ರ ಎಣಿಸುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದದ್ದು ಕನ್ನಡಕ್ಕೆ. ರೆಡಿ ಮಾದರಿಗಳು ಒಂದೂ ಕನ್ನಡದಲ್ಲಿಲ್ಲ, 'ಇನ್ನು ಮೇಲ್ ಬೇಡ' ಅನ್ನುವ ಪುಟವೂ ಇಂಗ್ಲಿಷ್‌ನಲ್ಲೇ ತೆರೆಯುತ್ತೆ. ಬೇಡ ಅನ್ನುವವರಿಗೂ ಅವರ ಭಾಷೆಯಲ್ಲೇ ಮರ್ಯಾದೆಯಿಂದ ದಾರಿ ಕೊಡಬೇಕು ಅಂತ ಎರಡು ಸಲ ಬರೆದು ಕೇಳಿದ್ದೇನೆ.

ಕಾಲು ಕೆಜಿ ತರಿಸುವವರಿಗೆ ಮಾತ್ರ ಇನ್ನೂ ಸರಿಯಾದ ದಿನ ಸಿಕ್ಕಿಲ್ಲ. ಅವರಲ್ಲಿ ಜಾಸ್ತಿ ಜನ ರುಚಿ ನೋಡಲು ಕೊಂಡವರು, ಮನೆಯಲ್ಲಿ ಬೇರೆ ಪುಡಿಯೂ ಇರುತ್ತೆ. ಸದ್ಯ ಹನ್ನೆರಡನೇ ದಿನಕ್ಕೆ ಇಟ್ಟು ನೋಡುತ್ತಿದ್ದೇನೆ.