ಪ್ಯಾರಿಸಿನ ಲೇಓವರ್‌ನಲ್ಲಿ ಊರು ನೋಡಲು ಹೊರಡುವವರ ಗಮನಕ್ಕೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ನಮ್ಮ ಹಾಸನದ ಕಡೆಯ ಹಿರಿಯರಿಗೆ ಕೆಲವು ಟ್ರಾವೆಲ್ಸ್ ಕಚೇರಿಗಳವರು ಈಗ ಒಂದು ಆಸೆ ತೋರಿಸುತ್ತಿದ್ದಾರೆ. ಪ್ಯಾರಿಸಿನಲ್ಲಿ ಹತ್ತು ಗಂಟೆ ಕಾಯಬೇಕಾದ ಟಿಕೆಟ್ ತೆಗೆದುಕೊಂಡರೆ ದುಡ್ಡೂ ಉಳಿಯುತ್ತದೆ, ಐಫೆಲ್ ಗೋಪುರವನ್ನೂ ಉಚಿತವಾಗಿ ನೋಡಿದಂತಾಗುತ್ತದೆ ಎನ್ನುವುದು ಅವರ ಮಾತು. ನನ್ನ ತಂದೆತಾಯಿಯರನ್ನು ಬಾಸ್ಟನ್ನಿನಲ್ಲಿರುವ ತಮ್ಮನ ಮನೆಗೆ ಕರೆದೊಯ್ಯುವಾಗ ನಮಗೂ ಅದೇ ಟಿಕೆಟ್ ಕೊಡಲಾಯಿತು. ಆ ದಿನ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಟಿಕೆಟ್ ಮಾರುವವರು ಈ ಲೆಕ್ಕವನ್ನು ಯಾರಿಗೂ ಹೇಳುವುದಿಲ್ಲ.

ಮೊದಲಿಗೆ ‘ಉಚಿತ’ ಎಂಬ ಮಾತನ್ನೇ ನೋಡೋಣ. ಭಾರತದ ಪಾಸ್‌ಪೋರ್ಟ್ ಇರುವವರು ಪ್ಯಾರಿಸಿನ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡಬೇಕಾದರೆ ಷೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ ಬೇಕು. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದೆಯೆಂಬ ಮಾತ್ರಕ್ಕೆ ಯಾರೂ ಊರೊಳಗೆ ಬಿಡುವುದಿಲ್ಲ. 2024ರ ಜೂನ್‌ನಿಂದ ಈ ವೀಸಾದ ಶುಲ್ಕ ದೊಡ್ಡವರಿಗೆ ತಲಾ 90 ಯೂರೋ. ಅದರ ಮೇಲೆ ಅರ್ಜಿ ಕೇಂದ್ರದವರ ಸೇವಾಶುಲ್ಕವಿದೆ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯಿದೆ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬರುವ ಖರ್ಚಿದೆ. ಮೂವರಿಗೆ ಶುಲ್ಕವೊಂದೇ ಇಪ್ಪತ್ತೈದು ಸಾವಿರ ರೂಪಾಯಿ ದಾಟಿತು. ಟಿಕೆಟಿನಲ್ಲಿ ಉಳಿದ ಹಣ ಇಲ್ಲಿಗೇ ಮುಗಿದಿತ್ತು. ವೀಸಾ ಮಾಡಿಸಿಕೊಟ್ಟವರೂ ಅದೇ ಟ್ರಾವೆಲ್ಸ್‌ನವರು, ಅದಕ್ಕೆ ಅವರ ಕಮಿಷನ್ ಬೇರೆ.

ಇನ್ನು ಹೊತ್ತಿನ ವಿಷಯ. ಹಾಸನದಿಂದ ಮಧ್ಯಾಹ್ನವೇ ಕಾರಿನಲ್ಲಿ ಹೊರಟು, ನಡುರಾತ್ರಿ ದಾಟಿದ ಮೇಲೆ ಬೆಂಗಳೂರಿನಿಂದ ವಿಮಾನ ಏರಿ, ಬೆಳಿಗ್ಗೆ ಎಂಟೂವರೆಗೆ ಪ್ಯಾರಿಸಿನ ಷಾರ್ಲ್ ದ ಗಾಲ್ ನಿಲ್ದಾಣದಲ್ಲಿ ಇಳಿದೆವು. ಬಾಸ್ಟನ್ನಿನ ವಿಮಾನ ಸಂಜೆ ಏಳಕ್ಕೆ. ಕಾಗದದ ಮೇಲೆ ಇದು ಹತ್ತೂವರೆ ಗಂಟೆ. ಆದರೆ ಪಾಸ್‌ಪೋರ್ಟ್ ತಪಾಸಣೆಯ ಸಾಲು ಸುಲಭದಲ್ಲಿ ಕರಗಲಿಲ್ಲ. 2025ರ ಅಕ್ಟೋಬರ್ 12ರಿಂದ ಷೆಂಗನ್ ದೇಶಗಳು ಹೊರಗಿನವರ ಪ್ರವೇಶ ಮತ್ತು ನಿರ್ಗಮನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಆರಂಭಿಸಿದ್ದು, ಮೊದಲ ಸಲ ಬರುವವರ ಮುಖದ ಚಿತ್ರವನ್ನೂ ಅಲ್ಲಿಯೇ ತೆಗೆಯುತ್ತಾರೆ. ನಾವು ಹೊರಬಂದಾಗ ಹತ್ತೂವರೆ. ಅಮೆರಿಕದ ವಿಮಾನಕ್ಕೆ ಮೂರು ಗಂಟೆ ಮೊದಲೇ ಮರಳಬೇಕೆಂದು ಹಿಡಿದರೆ, ನಾಲ್ಕು ಗಂಟೆಗೆ ನಿಲ್ದಾಣದಲ್ಲಿರಬೇಕು. ಈ ನಿಲ್ದಾಣ ಊರಿನ ನಡುವಿನಿಂದ ಸುಮಾರು 25 ಕಿಲೋಮೀಟರ್ ದೂರದ ರುವಾಸಿಯಲ್ಲಿದೆ. ಹೋಗಿಬರುವ ಹೊತ್ತು ಕಳೆದರೆ ಕೈಯಲ್ಲಿ ಉಳಿಯುವುದು ಮೂರೇ ಗಂಟೆ, ಅದೂ ರಾತ್ರಿಯೆಲ್ಲ ನಿದ್ದೆಗೆಟ್ಟ ಹಿರಿಯರ ಜೊತೆಗೆ.

ಹೀಗೆ ಗಡಿಯಾರ ನೋಡುತ್ತ ಹೊರಬರುವವರಿಗಾಗಿಯೇ ಕಾದಿರುವವರು ಅಲ್ಲಿದ್ದಾರೆ. ಅಚ್ಚುಕಟ್ಟಾದ ಕೋಟು ತೊಟ್ಟು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಒಬ್ಬಾತ ನಿರ್ಗಮನದ ಬಾಗಿಲಿನ ಒಳಗಡೆಯೇ ನಮ್ಮನ್ನು ತಡೆದು, ಇಂದು ರೈಲು ಮುಷ್ಕರವಿದೆ, ಟ್ಯಾಕ್ಸಿಗೆ ಒಂದು ಗಂಟೆ ಸಾಲಿದೆ ಎಂದು ಇಂಗ್ಲಿಷಿನಲ್ಲಿ ವಿನಯದಿಂದ ತಿಳಿಸಿದನು. ಫ್ರಾನ್ಸಿನಲ್ಲಿ ರೈಲು ಮುಷ್ಕರ ಅಪರೂಪವಲ್ಲವಾದ್ದರಿಂದ ಮಾತು ನಂಬುವಂತೆಯೇ ಇತ್ತು. ‘ಅಮ್ಮನವರಿಗೆ ನಿಲ್ಲಲು ಕಷ್ಟವಾಗುತ್ತದೆ’ ಎಂಬ ಅರ್ಥದ ಮಾತನ್ನೂ ಅವನು ಸೇರಿಸಿದನು. ಕಪ್ಪು ಬಣ್ಣದ ವ್ಯಾನಿನಲ್ಲಿ ಕರೆದೊಯ್ದು, ಮಧ್ಯಾಹ್ನ ಎರಡೂವರೆಗೆ ಇಳಿಸಿದ ಜಾಗದಿಂದಲೇ ಮರಳಿ ಕರೆತರುತ್ತೇನೆಂದು ಹೇಳಿ, ಎರಡೂ ಕಡೆಯ ಬಾಡಿಗೆಯೆಂದು 260 ಯೂರೋ ನಗದನ್ನು ಮೊದಲೇ ಪಡೆದನು. ಕಾರ್ಡ್ ಯಂತ್ರ ಕೆಟ್ಟಿದೆ ಎಂದು ನಿಲ್ದಾಣದ ಎಟಿಎಂವರೆಗೆ ಜೊತೆಯಲ್ಲೇ ಬಂದಿದ್ದನು. ರಸೀದಿ ಕೇಳಿದಾಗ ಫೋನ್ ನಂಬರ್ ಬರೆದ ಒಂದು ಚೀಟಿ ಸಿಕ್ಕಿತು.

ಅವನು ಹೇಳಿದ ಒಂದೊಂದು ಮಾತೂ ಸುಳ್ಳು. ಷಾರ್ಲ್ ದ ಗಾಲ್‌ನಿಂದ ಪ್ಯಾರಿಸಿಗೆ ಅಧಿಕೃತ ಟ್ಯಾಕ್ಸಿಗಳ ದರವನ್ನು ಸರ್ಕಾರವೇ ನಿಗದಿ ಮಾಡಿದೆ. 2025ರಲ್ಲಿ ಸೇನ್ ನದಿಯ ಬಲದಂಡೆಗೆ 56 ಯೂರೋ, ಐಫೆಲ್ ಗೋಪುರವಿರುವ ಎಡದಂಡೆಗೆ 65 ಯೂರೋ. ಇದು ತಲೆಗೆ ಇಷ್ಟು ಎಂಬ ದರವಲ್ಲ, ಇಡೀ ಗಾಡಿಗೆ. ಅಧಿಕೃತ ಟ್ಯಾಕ್ಸಿಯ ಮೇಲ್ಛಾವಣಿಯಲ್ಲಿ ದೀಪದ ಫಲಕವಿರುತ್ತದೆ, ಖಾಲಿಯಿದ್ದರೆ ಅದು ಹಸಿರು, ಜನರಿದ್ದರೆ ಕೆಂಪು. ಕಾರ್ಡ್ ಯಂತ್ರ ಇರಲೇಬೇಕೆಂಬ ನಿಯಮವೂ ಇದೆ. ಟರ್ಮಿನಲ್ ಒಳಗೆ ಬಂದು ಗಿರಾಕಿಗಳನ್ನು ಕರೆಯುವುದು ಅಲ್ಲಿ ಕಾನೂನುಬಾಹಿರ, ಆದ್ದರಿಂದ ಹಾಗೆ ಕರೆಯುವವನು ಎಷ್ಟೇ ಸಭ್ಯನಾಗಿ ಕಂಡರೂ ಅಧಿಕೃತ ಚಾಲಕನಲ್ಲ. ಅಂದು ಯಾವ ಮುಷ್ಕರವೂ ಇರಲಿಲ್ಲವೆಂಬುದು ನಮಗೆ ತಿಳಿದದ್ದು ಮಧ್ಯಾಹ್ನದ ಮೇಲೆ.

ಐಫೆಲ್ ಗೋಪುರದ ಬಗ್ಗೆ ಹೆಚ್ಚು ಬರೆಯಲಾರೆ. 330 ಮೀಟರ್ ಎತ್ತರದ ಗೋಪುರವನ್ನು ನದಿಯ ಆಚೆ ದಡದ ತ್ರೊಕಾದೆರೊದ ಕಟ್ಟೆಯ ಮೇಲಿನಿಂದ ನೋಡಿದೆವು. ಮೇಲೆ ಹತ್ತುವ ಸಾಲಿನಲ್ಲಿ ನಿಂತಿದ್ದರೆ ಇದ್ದ ಮೂರು ಗಂಟೆಯೂ ಅಲ್ಲಿಯೇ ಕಳೆಯುತ್ತಿತ್ತು. ಅಪ್ಪ ಬೆಂಚಿನ ಮೇಲೆ ಕುಳಿತಲ್ಲೇ ತೂಕಡಿಸಿದರು.

ಎರಡೂವರೆಗೆ ವ್ಯಾನ್ ಬರಲಿಲ್ಲ. ಚೀಟಿಯಲ್ಲಿದ್ದ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಮೂರೂಕಾಲಿನವರೆಗೆ ಕಾದು, ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದರೆ ಅಲ್ಲಿ ನಿಜವಾಗಿಯೂ ಉದ್ದನೆಯ ಸಾಲಿತ್ತು, ವರ್ತುಲ ರಸ್ತೆಯಲ್ಲಿ ವಾಹನಗಳು ನಿಂತಿವೆ, ರೈಲೇ ಮೇಲು ಎಂದು ಸಾಲಿನಲ್ಲಿದ್ದವರು ಹೇಳಿದರು. ನದಿ ದಾಟಿ, ಆರ್‌ಇಆರ್ ಎಂಬ ಉಪನಗರ ರೈಲುಜಾಲದ ಸಿ ಮಾರ್ಗದ ರೈಲು ಹಿಡಿದು, ಸೇಂತ್ ಮಿಶೆಲ್‌ನಲ್ಲಿ ಇಳಿದು ಬಿ ಮಾರ್ಗದ ರೈಲಿಗೆ ಬದಲಾಯಿಸಿಕೊಂಡೆವು. ಗಾರ್ ದ್ಯು ನೋರ್ ನಿಲ್ದಾಣದಲ್ಲಿ ಫ್ರೆಂಚಿನಲ್ಲಿ ಏನೋ ಘೋಷಣೆಯಾಗಿ ಎಲ್ಲರೂ ಇಳಿದರು. ಯಾರೋ ಬಿಟ್ಟುಹೋದ ಚೀಲವೊಂದು ಮುಂದೆ ಎಲ್ಲಿಯೋ ಸಿಕ್ಕಿದ್ದು, ಪೊಲೀಸರು ಪರೀಕ್ಷಿಸುವವರೆಗೆ ಸಂಚಾರವಿಲ್ಲ ಎಂದು ಪಕ್ಕದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ವಿವರಿಸಿದಳು. ಸಂಚಾರ ಮತ್ತೆ ಶುರುವಾದಾಗ ಮೊದಲು ಬಂದ ರೈಲನ್ನು ಏರಲು ಹೊರಟ ನಮ್ಮನ್ನು ತಡೆದವಳೂ ಅವಳೇ. ಬಿ ಮಾರ್ಗ ಓಲ್ನೆ ಎಂಬಲ್ಲಿ ಎರಡಾಗಿ ಒಡೆದು, ಒಂದು ಕವಲು ವಿಮಾನ ನಿಲ್ದಾಣಕ್ಕೂ ಇನ್ನೊಂದು ಮಿತ್ರಿ ಎಂಬ ಊರಿಗೂ ಹೋಗುತ್ತದೆ. ಫಲಕ ಓದದೆ ಹತ್ತುವ ಪರದೇಶದವರು ಮಿತ್ರಿಯ ಕಡೆ ಹೋಗಿಬಿಡುವುದುಂಟು.

ಟರ್ಮಿನಲ್ ತಲುಪಿದಾಗ ಆರು ದಾಟಿತ್ತು. ಅಲ್ಲಿಂದ ಮುಂದೆ ನಿರ್ಗಮನದ ಪಾಸ್‌ಪೋರ್ಟ್ ಸಾಲು, ಭದ್ರತಾ ತಪಾಸಣೆ, ದೂರದ ಗೇಟುಗಳಿರುವ ಕಟ್ಟಡಕ್ಕೆ ಪುಟ್ಟ ರೈಲು. ವಿಮಾನ ಇನ್ನೂ ಕಣ್ಣೆದುರಿಗೆ ನಿಂತಿತ್ತು, ಗೇಟ್ ಮುಚ್ಚಿತ್ತು. ನಮ್ಮ ಪೆಟ್ಟಿಗೆಗಳನ್ನು ಇಳಿಸಲಾಗಿತ್ತು.

ಇಂಥ ಹೊತ್ತಿನಲ್ಲಿ ಪ್ರಯಾಣಿಕನ ಪರವಾಗಿ ಯಾವ ನಿಯಮವೂ ನಿಲ್ಲುವುದಿಲ್ಲ. ವಿಮಾನ ತಡವಾದರೆ ಪರಿಹಾರ ಕೊಡಿಸುವ 261/2004 ಸಂಖ್ಯೆಯ ಯುರೋಪಿನ ನಿಯಮ, ಗೇಟಿಗೆ ತಡವಾಗಿ ಬಂದವರಿಗೆ ಅನ್ವಯಿಸದು. ಮರುದಿನದ ಟಿಕೆಟಿಗೆ ದರದ ವ್ಯತ್ಯಾಸವನ್ನೂ ಒಂದು ರಾತ್ರಿಯ ಹೋಟೆಲಿನ ಬಾಡಿಗೆಯನ್ನೂ ನಾವೇ ತೆತ್ತೆವು. ಇನ್ನೊಂದು ಅಪಾಯವೂ ಇದೆ. ಒಂದು ಹಂತದ ವಿಮಾನಕ್ಕೆ ಹಾಜರಾಗದಿದ್ದರೆ ಅದೇ ಟಿಕೆಟಿನ ಮುಂದಿನ ಹಂತಗಳನ್ನು, ಹಿಂದಿರುಗುವ ಪ್ರಯಾಣವನ್ನೂ ಸೇರಿಸಿ, ಕಂಪನಿಗಳು ರದ್ದುಮಾಡಬಹುದು. ಆ ಸಂಜೆಯೇ ಕೌಂಟರಿಗೆ ಹೋಗಿ ಹೊಸ ವಿಮಾನಕ್ಕೆ ಬರೆಸಿಕೊಂಡಿದ್ದರಿಂದ ನಮ್ಮದು ಉಳಿಯಿತು. ವೀಸಾ ಚೀಟಿಯಲ್ಲಿ ತಂಗಬಹುದಾದ ದಿನಗಳ ಸಂಖ್ಯೆಯನ್ನು ಅಚ್ಚುಮಾಡಿರುತ್ತಾರೆ. ಅಲ್ಲಿ ಒಂದೇ ದಿನವೆಂದಿದ್ದರೆ ಆ ರಾತ್ರಿ ಇನ್ನೊಂದು ಪೇಚಿಗೆ ಸಿಲುಕುತ್ತಿದ್ದೆವು.

ಹಾಸನಕ್ಕೆ ಮರಳಿದ ಮೇಲೆ ಟ್ರಾವೆಲ್ಸ್ ಕಚೇರಿಯವರು ಹೇಳಿದ್ದು ಇಷ್ಟೇ: ‘ಸರ್, ನಾವು ಟಿಕೆಟ್ ಕೊಟ್ಟಿದ್ದೇವೆ, ಊರು ನೋಡಿದ್ದು ನಿಮ್ಮ ಇಷ್ಟ.’ ಆದರೆ ‘ಪ್ಯಾರಿಸ್ ಸಿಟಿ ಟೂರ್ ಫ್ರೀ, ಆರಾಮವಾಗಿ ಎಂಟು ಗಂಟೆ ಸುತ್ತಬಹುದು’ ಎಂದು ಅವರೇ ಕಳಿಸಿದ್ದ ವಾಟ್ಸ್‌ಆ್ಯಪ್ ಸಂದೇಶ ನನ್ನಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದಾಗಿದ್ದು, ನಾನೂ ಅದಕ್ಕೆ ಕಾಗದಪತ್ರ ಜೋಡಿಸುತ್ತಿದ್ದೇನೆ. ಇಂಥದೇ ಟಿಕೆಟನ್ನು ಈಗಾಗಲೇ ಕೊಂಡವರು ವಿಮಾನ ಇಳಿಯುವ ಹೊತ್ತು, ಗೇಟ್ ಮುಚ್ಚುವ ಹೊತ್ತು ಎರಡನ್ನೂ ಬರೆದು, ನಡುವೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆಂದು ತಮಗೆ ಟಿಕೆಟ್ ಮಾರಿದವರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಲಿ, ಬಂದ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಲಿ.