ಫೋರ್ ಬೈ ಫೋರ್ ತಗೊಳ್ಳಿಕ್ಕೆ ಹೊಂಟಿದ್ರ ಒಂದು ಸಲ ಇದನ್ನ ಓದ್ರಿ

ಹೋದ ವಾರ ಒಂದ ದಿನ ಇಬ್ಬರು ಫೋನ್ ಮಾಡಿದ್ರು. ಇಬ್ಬರೂ ನಮ್ಮ ಪುಣೆದವರ, ಒಬ್ಬರು ನಿಗಡಿಯವರು, ಇನ್ನೊಬ್ಬರು ನಮ್ಮ ವಾರಜೆಯವರ. ಇಬ್ಬರದೂ ಒಂದ ಪ್ರಶ್ನೆ, "ಸರ, ನಿಮ್ಮ ಹತ್ರ ದೊಡ್ಡ ಫೋರ್ ಬೈ ಫೋರ್ ಇತ್ತಲ್ಲ, ಹೆಂಗದ, ತಗೋಬಹುದೇನು?" ಫೋರ್ ಬೈ ಫೋರ್ ಅಂದ್ರ ಎಂಜಿನ್ ಶಕ್ತಿ ನಾಕೂ ಗಾಲಿಗೆ ಹೋಗೂ ಗಾಡಿ. ಇತ್ತು, ಈಗಿಲ್ಲ. ಯಾಕಿಲ್ಲ ಅಂತ ಇಬ್ಬರಿಗೂ ಮುಕ್ಕಾಲು ಮುಕ್ಕಾಲು ತಾಸು ಹೇಳಿದೆ, ಮೂರನೇದವರು ಫೋನ್ ಮಾಡೂದರೊಳಗ ಬರದ ಹಾಕೂದು ಛಲೋ ಅನಿಸ್ತು. ಗಾಡಿ ಹೆಸರು, ಶೋರೂಮ್ ಹೆಸರು ಕೇಳಬ್ಯಾಡ್ರಿ, ಹೇಳೂದಿಲ್ಲ. ಗಾಡಿ ಕೆಟ್ಟದ್ದಲ್ಲ. ನಮ್ಮ ಮನಿಗೆ ಅದು ಬೇಕಾಗಿರಲಿಲ್ಲ ಅಷ್ಟ, ಮತ್ತ ಅದರ ಫೋರ್ ಬೈ ಫೋರ್ ಗುಬುಟಿ ಯಾವಾಗ ತಿರುವಬಾರದು ಅನ್ನೂದನ್ನ ನನಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2023ರ ದಸರಾಕ್ಕ ತಗೊಂಡೆ. ಮನ್ಯಾಗ ಐದು ಮಂದಿ, ನಾನು, ನಮ್ಮಾಕಿ, ಎರಡು ಹುಡುಗ್ರು, ಅವ್ವ. ಊರು ಧಾರವಾಡ, ವರ್ಷಕ್ಕ ನಾಕೈದು ಸಲ ಹೋಗಿ ಬರೂದು, ಒಂದು ಕಡೆ 400 ಕಿಲೋಮೀಟರ್ ಮ್ಯಾಲೆ, ಪೂರಾ ಹೈವೇ. ಇದ್ದ ಸಣ್ಣ ಕಾರು ಸಾಲೂದಿಲ್ಲ ಅನ್ನೂದು ಖರೇನ, ಅದಕ್ಕ ಡಿಕ್ಕಿ ಸ್ವಲ್ಪ ದೊಡ್ಡದಿರೂ ಗಾಡಿ ನೋಡಿದ್ರ ಮುಗೀತಿತ್ತು. ಆದ್ರ ಶೋರೂಮಿನವರು ಬಾಣೇರ ಕಡೆ ಒಂದು ಖಾಲಿ ಜಾಗಾದಾಗ ಮಣ್ಣು ಒಟ್ಟಿ ಗುಡ್ಡ ಮಾಡಿದ್ರು, ಒಂದು ಗಾಲಿ ಗಾಳ್ಯಾಗ ನಿಲ್ಲೂ ಹಂಗ ತೆಗ್ಗು ತೋಡಿದ್ರು, ನಮ್ಮನ್ನೆಲ್ಲಾ ಕೂಡಿಸ್ಕೊಂಡು ಗಾಡಿ ಓರೆ ಮಾಡಿ ತೋರಿಸಿದ್ರು. ಹುಡುಗ್ರು ಹೋ ಅಂತ ಚೀರಿದ್ರು, ನಾನು ಬಾಯಿ ಮುಚ್ಕೊಂಡು ಒಳಗೊಳಗ ಚೀರಿದೆ. ಸೇಲ್ಸ್ ಹುಡುಗ "ಸರ್, ಫ್ಯಾಮಿಲಿ ಸೇಫ್ಟಿ" ಅಂದ. ಆ ಎರಡು ಶಬ್ದಕ್ಕ ಟೂ ವೀಲ್ ಡ್ರೈವ್ ಮಾಡೆಲ್‌ಗಿಂತ ಎರಡೂವರಿ ಲಕ್ಷ ಹೆಚ್ಚಿಗಿ ಕೊಟ್ಟೆ ನೋಡ್ರಿ. ಆನ್ ರೋಡ್ 26 ಲಕ್ಷ 80 ಸಾವಿರ. ಅದರಾಗ ಸರಕಾರದ ಪಾಲು ಎಷ್ಟು ಅನ್ನೂದು ಆಮ್ಯಾಲೆ ಕೂತು ಲೆಕ್ಕಾ ಹಾಕಿದೆ, ಆಗ ನಾಕು ಮೀಟರಿಗಿಂತ ಉದ್ದ, 1500 ಸಿಸಿ ಮ್ಯಾಲಿನ ಎಂಜಿನ್, 170 ಮಿಲಿಮೀಟರ್ ಇಲ್ಲಾ ಅದಕ್ಕಿಂತ ಹೆಚ್ಚು ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ಹೊಟ್ಟಿಗೂ ನಡುವಿನ ಅಂತರ) ಇದ್ದ ಎಸ್‌ಯುವಿಗೆ 28 ಪರ್ಸೆಂಟ್ ಜಿಎಸ್‌ಟಿ, ಅದರ ಮ್ಯಾಲೆ 22 ಪರ್ಸೆಂಟ್ ಸೆಸ್, ಇದೆಲ್ಲಾ ಕೂಡಿದ ರೇಟಿನ ಮ್ಯಾಲೆ ಮತ್ತ ಮಹಾರಾಷ್ಟ್ರದ ರೋಡ್ ಟ್ಯಾಕ್ಸ್, 20 ಲಕ್ಷ ದಾಟಿದ ಡೀಸೆಲ್ ಗಾಡಿಗೆ 15 ಪರ್ಸೆಂಟ್.

ಗಾಡಿ ಮನಿಗೆ ಬಂತು, ಪೂಜಾ ಆತು, ನಿಂಬಿಹಣ್ಣು ಒಡದ್ವಿ, ಪಾರ್ಕಿಂಗಿಗೆ ಇಳಿಸಿದ್ವಿ. ನಮ್ಮ ಸೊಸೈಟಿ ಒಳಗ ಸ್ಟ್ಯಾಕ್ ಪಾರ್ಕಿಂಗ್ ಅದ, ಮಶೀನ್ ಮ್ಯಾಲೆ ಒಂದು ಗಾಡಿ ಎತ್ತತದ, ಕೆಳಗ ಇನ್ನೊಂದು ನಿಲ್ತದ. ವಾಚ್‌ಮನ್ ಕಾಕಾ ಬಂದು ಏನೂ ಮಾತಾಡದ ಕಂಬಕ್ಕ ಬಡದಿದ್ದ ಪಟ್ಟಿ ತೋರಿಸಿದ, ಐದು ವರ್ಷ ದಿನಾ ನೋಡ್ಕೋತ ಹೋದ ಪಟ್ಟಿ ಅದು, ಒಂದು ಸಲಾನೂ ಓದಿರಲಿಲ್ಲ. ತೂಕ 2000 ಕಿಲೋ, ಎತ್ತರ 1550 ಮಿಲಿಮೀಟರ್. ನನ್ನ ಗಾಡಿ ಖಾಲಿ ಇದ್ದಾಗನ ಎರಡು ಟನ್ ದಾಟ್ತದ, ಎತ್ತರಾನೂ ಜಾಸ್ತಿ. ಅವತ್ತಿಂದ ಎರಡು ವರ್ಷ, ಗಲ್ಲಿ ಆಚೆ ಒಬ್ಬರ ಕಂಪೌಂಡಿನ್ಯಾಗ ತಿಂಗಳಿಗೆ 3000 ಕೊಟ್ಟು ನಿಲ್ಲಿಸಿದೆ. ಮಳಿ ಬಂದ್ರ ಗಾಡಿತನಕ ಛತ್ರಿ ಹಿಡ್ಕೊಂಡು ನಡದು ಹೋಗೂದು. ಇದ್ದ ಸ್ವಂತ ಪಾರ್ಕಿಂಗಿನ್ಯಾಗ ಹುಡುಗರ ಎರಡು ಸೈಕಲ್.

ಅವ್ವಗ ಮೊಣಕಾಲು ಬ್ಯಾನಿ. ಗಾಡಿ ಅಷ್ಟು ಎತ್ತರ, ಕಾಲಿಡೂ ಪಟ್ಟಿ ಹಾಕಿಸಿದ್ರೂ ಆಕಿಗೆ ಆ ಪಟ್ಟಿನ ಎತ್ತರ. ಕಡೀಕ ಬಚ್ಚಲದಾಗಿನ ಕೆಂಪು ಪ್ಲಾಸ್ಟಿಕ್ ಸ್ಟೂಲ್ ಡಿಕ್ಕ್ಯಾಗ ಇಟ್ಟೆ. ಟೋಲ್ ಬಾಜೂಕ ಚಹಾ ಕುಡಿಯಲಿಕ್ಕೆ ನಿಲ್ಲಿಸಿದ್ರೂ ಮೊದಲು ಸ್ಟೂಲ್ ಇಳೀಬೇಕು, ಆಮ್ಯಾಲೆ ಅವ್ವ. "ಆನಿ ಮ್ಯಾಲೆ ಕೂತಂಗಾತಪಾ, ಹತ್ತಲಿಕ್ಕೂ ಇಬ್ಬರು ಬೇಕು, ಇಳೀಲಿಕ್ಕೂ ಇಬ್ಬರು ಬೇಕು" ಅಂತಿದ್ಲು. ಏಳು ಸೀಟ್ ಅಂತಾರಲ್ಲ, ಅದೂ ಹೇಳ್ತೀನಿ, ಮೂರನೇ ಸಾಲಿನ ಸೀಟ್ ಬಿಚ್ಚಿ ಮಂದಿ ಕೂಡಿಸಿದ್ರ ಹಿಂದ ಎರಡು ಸ್ಕೂಲ್ ಬ್ಯಾಗ್ ಕೂಡ್ತಾವ ಅಷ್ಟ. ಧಾರವಾಡದಿಂದ ಬರೂ ಮುಂದ ಜೋಳದ ಹಿಟ್ಟು, ಶೇಂಗಾ ಚಟ್ನಿ, ಒಂದು ಚೀಲ ಅಕ್ಕಿ, ಪೇಡೆ ಡಬ್ಬಿ, ಇವೆಲ್ಲಾ ಜನರ ತೊಡಿ ಮ್ಯಾಲೆ. ಮತ್ತ ಹಿಂದಿನ ಸಾಲಿನ್ಯಾಗ ಕೂತ ನನ್ನ ಸಣ್ಣ ಮಗ ಖಂಬಾಟಕಿ ಘಾಟಿನ್ಯಾಗ ಪ್ರತಿ ಸಲ ವಾಂತಿ. ಹಳೇ ಕಾರಿನ್ಯಾಗ ಆಂವ ಒಂದು ಸಲಾನೂ ಮಾಡ್ಕೊಂಡಿರಲಿಲ್ಲ. ಲ್ಯಾಡರ್ ಫ್ರೇಮ್ ಗಾಡಿ ಲಾರಿ ಹಂಗ ಚಾಸಿ ಮ್ಯಾಲೆ ಬಾಡಿ ಕೂಡಿಸಿದ್ದು, ಗಟ್ಟಿ ಖರೆ, ಆದ್ರ ಹೊಯ್ದಾಡ್ತದ.

ಈಗ ಮುಖ್ಯ ಸುದ್ದಿಗೆ ಬರ್ತೀನಿ.

2024ರ ಜೂನಿಂದ ಮಳಿ ಹಿಡೀತು. ನನ್ನ ತಲ್ಯಾಗ ಮಳಿ ಅಂದ್ರ ಫೋರ್ ಬೈ ಫೋರ್ ಅಂತ ಕೂತಿತ್ತು. ಗೇರ್ ಬಾಜೂಕ ಒಂದು ಗುಬುಟಿ, 2ಎಚ್, 4ಎಚ್, 4ಎಲ್ ಅಂತ ಬರದಿತ್ತು. 2ಎಚ್ ಅಂದ್ರ ಎರಡ ಗಾಲಿಗೆ ಶಕ್ತಿ, 4ಎಚ್ ಅಂದ್ರ ನಾಕೂ ಗಾಲಿಗೆ, 4ಎಲ್ ಅಂದ್ರ ನಾಕೂ ಗಾಲಿಗೆ ಆದ್ರ ಸಾವಕಾಶ ಗೇರಿನ್ಯಾಗ. ಎರಡು ಹನಿ ಬಿದ್ದ್ರ ಸಾಕು 4ಎಚ್‌ಗೆ ತಿರುವೂದು, ಕಾತ್ರಜ್ ಘಾಟಿನ್ಯಾಗ 4ಎಚ್, ಆಫೀಸಿಗೆ ಹಿಂಜವಡಿಗೆ ಹೋಗೂ ಮುಂದ 4ಎಚ್, ಒಂದು ಸಲ ಸಾತಾರಾದಿಂದ ಕೊಲ್ಹಾಪುರತನಕ ಹಂಗ ಹೋದೆ, ಎರಡು ರೊಕ್ಕ ಹೆಚ್ಚಿಗಿ ಕೊಟ್ಟೇನಿ ಉಪಯೋಗ ಮಾಡಬೇಕಲ್ಲ ಅನ್ನೂ ಲೆಕ್ಕ. ಜುಲೈ ಮೊದಲನೇ ರವಿವಾರ ತಾಮ್ಹಿಣಿ ಘಾಟಿಗೆ ಹೊಂಟ್ವಿ. ಮುಳಶಿ ದಾಟಿದ ಮ್ಯಾಲೆ ಏನು ಮಳಿರೀ, ವೈಪರ್ ಆ ಕಡೆ ಹೋಗಿ ಈ ಕಡೆ ಬರೂದರೊಳಗ ಕಾಚು ಮತ್ತ ಬೆಳ್ಳಗ. ನಾನು ಮಾತ್ರ ಆರಾಮ, ನಾಕೂ ಗಾಲಿ ಹಿಡ್ಕೊಂಡಾವ ಅಂತ ಧೈರ್ಯ. ಇಳಕಲಿನ್ಯಾಗ ಒಂದು ತಿರುವು ಬಂತು, ಎದುರಿಗೆ ಧಬಧಬಿ ನೋಡೂ ಮಂದಿ ಬೈಕ್ ರಸ್ತೆ ಮ್ಯಾಲೇನ ನಿಲ್ಲಿಸಿ ಭುಟ್ಟಾ ತಿನ್ಲಿಕ್ಕೆ ಹತ್ತಿದ್ರು. ಬ್ರೇಕ್ ಒತ್ತಿದೆ. ಕಾಲ ಬುಡಕ ಬ್ರೇಕ್ ಗಡಗಡ ಗಡಗಡ ಅಂತದ, ಗಾಡಿ ನಿಲ್ಲವಲ್ಲದು, ಎರಡು ಟನ್ ತಾನ ತಾನ ಜಾರ್ಕೋತ ಹೊಂಟದ. ಕಡೇ ಬೈಕಿನ ಸೈಲೆನ್ಸರಿಗೂ ನಮ್ಮ ಬಂಪರಿಗೂ ನಡುವ ಒಂದು ಗೇಣು ಉಳಿದಿತ್ತು ಅಂದ್ರ ಜಾಸ್ತಿ. ಭುಟ್ಟಾ ಹಿಡ್ಕೊಂಡಿದ್ದ ಹುಡುಗಿ ನನ್ನ ಮುಖಾ ನೋಡಿದ್ದು ಇನ್ನೂ ನೆನಪದ.

ನಾಕು ಗಾಲಿಗೆ ಶಕ್ತಿ ಹೋದ್ರ ಗಾಡಿ ಎಳಕೊಂಡು ಹೋಗ್ತದ, ನಿಲ್ಲೂದಕ್ಕ ಅದರಿಂದ ಏನೂ ಉಪಯೋಗಿಲ್ಲ. ಬ್ರೇಕ್ ಅಂತೂ ಎಲ್ಲಾ ಕಾರಿಗೂ ನಾಕೂ ಗಾಲಿಗೆ ಇರ್ತಾವ, ನಿಲ್ಲಿಸೂದು ಟಾಯರ್, ಮತ್ತ ತೂಕ ಹೆಚ್ಚಾದಷ್ಟು ಟಾಯರಿಗೆ ಕೆಲಸ ಹೆಚ್ಚು. ಇದು ಯಾವ ಎಂಟನೇ ಇಯತ್ತೆ ಹುಡುಗಗಾದ್ರೂ ತಿಳೀತದ, 26 ಲಕ್ಷ ಕೊಟ್ಟ ನನಗ ತಿಳೀಲಿಲ್ಲ.

ಅಲ್ಲಿಂದ ನಿಜಾಂಪುರ ಕಡೆ ಇಳದ್ವಿ, ಕೊಂಕಣದಾಗ ಬಿಸಲು ಬಿದ್ದಿತ್ತು, ರಸ್ತೆ ಒಣಾ ಖಟ್ಟ. ನಾನು 4ಎಚ್ ಹಂಗ ಬಿಟ್ಟೆ, ತಿರುಗಿ ಬರೂ ಮುಂದ ಬೇಕಲ್ಲ ಅಂತ. ಒಂದು ಖಾನಾವಳಿ ಮುಂದ ಪಾರ್ಕ್ ಮಾಡಲಿಕ್ಕೆ ಸ್ಟೀರಿಂಗ್ ಪೂರಾ ತಿರುವಿದ್ರ ಗಾಡಿ ಎತ್ತು ಹಟಾ ಹಿಡದಂಗ ನಿಂತು ಜಗ್ತದ, ಟಾಯರ್ ಕಿರ್‌ರ್ ಅಂತಾವ, ಕೆಳಗಿಂದ ಟಕ್ ಟಕ್. ಊಟ ಮುಗಿಸಿ ಬಂದು ಗುಬುಟಿ 2ಎಚ್‌ಗೆ ತಿರುವಿದೆ, ಬರೂದಿಲ್ಲ, ಲೈಟ್ ಬರೇ ಮಿಣುಕು ಮಿಣುಕು. ಹಂಗ 100 ಕಿಲೋಮೀಟರ್ ಪುಣೆತನಕ ಹೊಡದೆ. ಪೌಡ್ ಹತ್ರ ಒಂದು ದೊಡ್ಡ ಸಪ್ಪಳ ಆತು, ಕಬ್ಬಿಣದ ಸರಪಳಿ ಹರದಂಗ. ನಮ್ಮಾಕಿ "ರೀ, ಏನರ ಬಿತ್ತೇನ್ರಿ?" ಅಂದ್ಲು. ಬಿದ್ದಿದ್ದು ನನ್ನ ಪಿಎಫ್ ಅಂತ ಆಮ್ಯಾಲೆ ಗೊತ್ತಾತು.

ಸರ್ವಿಸ್ ಸೆಂಟರಿನ ಸೂಪರ್‌ವೈಸರ್ ಕಂಪ್ಯೂಟರ್ ನೋಡಿ ವಾರಂಟಿ ಬರೂದಿಲ್ಲ, ಮಿಸ್‌ಯೂಸ್ ಅಂದ. ಗ್ಯಾರೇಜ್ ಒಳಗಿನ ಹಿರೇ ಮೆಕ್ಯಾನಿಕ್ ಮಾತ್ರ ನನ್ನನ್ನ ಬಾಜೂಕ ಕರದು ಕೇಳಿದ, "ಸಾಹೇಬ, ಕೋರಡ್ಯಾ ರಸ್ತ್ಯಾವರ ಫೋರ್ ಹಾಯ್ ಟಾಕಲಾ ಹೋತಾ ಕಾ?" ಒಣಾ ರಸ್ತೆ ಮ್ಯಾಲೆ ಹಾಕಿದ್ರೇನು ಅಂತ. ಹೌದಂದೆ. ಎರಡು ಸ್ಪ್ಯಾನರ್ ತಗೊಂಡು ನೆಲದ ಮ್ಯಾಲಿಟ್ಟು ತಿಳಿಸಿ ಹೇಳಿದ. ಗಾಡಿ ತಿರುಗೂ ಮುಂದ ಮುಂದಿನ ಗಾಲಿ ದೊಡ್ಡ ಸುತ್ತು ಹಾಕ್ತಾವ, ಹಿಂದಿನವು ಸಣ್ಣ ಸುತ್ತು. ಇಂಥಾ ಪಾರ್ಟ್ ಟೈಮ್, ಅಂದ್ರ ಬೇಕಾದಾಗ ಮಾತ್ರ ನಾಕು ಗಾಲಿ ಹಾಕೂ, ಫೋರ್ ಬೈ ಫೋರಿನ್ಯಾಗ 4ಎಚ್ ಹಾಕಿದ್ರ ಮುಂದಿನದು ಹಿಂದಿನದು ಎರಡೂ ಒಂದಕ್ಕೊಂದು ಕಟ್ಟಿ ಹಾಕಿದಂಗ, ಒಂದ ಸ್ಪೀಡಿನ್ಯಾಗ ತಿರುಗಬೇಕು. ಕೆಸರು, ಉಸುಕು ಇದ್ರ ಗಾಲಿ ಒಂಚೂರು ಜಾರಿ ಆ ಹೆಚ್ಚುಕಡಿಮಿ ಸರಿ ಮಾಡ್ಕೋತಾವ. ಒಣಾ ಡಾಂಬರ್ ಮ್ಯಾಲೆ ಜಾರಲಿಕ್ಕೆ ಜಾಗಾನ ಇಲ್ಲ, ಆ ತಿರುಚು ಎಲ್ಲಾ ಶಾಫ್ಟಿನ್ಯಾಗ, ಟ್ರಾನ್ಸ್‌ಫರ್ ಕೇಸಿನ್ಯಾಗ, ಅಂದ್ರ ಮುಂದಿನ ಹಿಂದಿನ ಗಾಲಿಗೆ ಶಕ್ತಿ ಹಂಚೂ ಡಬ್ಬಿ ಒಳಗ, ಕೂಡ್ಕೋತ ಹೋಗ್ತದ. ಲೈಟ್ ಮಿಣುಕಿದಾಗ ಸ್ಟೀರಿಂಗ್ ಸೀದಾ ಇಟ್ಟು ಹತ್ತು ಮಾರು ರಿವರ್ಸ್ ತಗೊಂಡಿದ್ರ ಆ ತಿರುಚು ಬಿಚ್ಚಿ ಬಿಟ್ಕೊಡ್ತಿತ್ತು ಸಾಹೇಬ ಅಂದ. ಹತ್ತು ಮಾರು! ಟ್ರಾನ್ಸ್‌ಫರ್ ಕೇಸಿನ ಚೈನು, ಶಿಫ್ಟ್ ಮೋಟಾರ್, ಮಜೂರಿ, ಆಯಿಲ್ ಎಲ್ಲಾ ಕೂಡಿ 1,68,000 ರೂಪಾಯಿ ಬಿಲ್. ಮನಿಗೆ ಬಂದು ಗಾಡಿ ಕೈಪಿಡಿ ತೆಗದೆ, ಮ್ಯಾಲಿನ ಪ್ಲಾಸ್ಟಿಕ್ ಕವರ್ ಸುದ್ದಾ ಹರದಿರಲಿಲ್ಲ, ಒಳಗ ಚೌಕಟ್ಟು ಹಾಕಿ ಬರದಾರ, ಒಣ ಗಟ್ಟಿ ರಸ್ತೆ ಮ್ಯಾಲೆ ಬಳಸಬ್ಯಾಡ್ರಿ ಅಂತ. ಸೇಲ್ಸ್ ಹುಡುಗ ಸನ್‌ರೂಫ್ ತೆರೆಯೂದನ್ನ ನಾಕು ಸಲ ತೋರಿಸಿದ್ದ, ಇದನ್ನ ಒಂದು ಸಲಾನೂ ಹೇಳಲಿಲ್ಲ.

ಗಮನಿಸ್ರಿ, ಎಲ್ಲಾ ಗಾಡಿ ಹಿಂಗಿರೂದಿಲ್ಲ. ಆಲ್ ವೀಲ್ ಡ್ರೈವ್ ಅಂತ ಬರೂ ಗಾಡ್ಯಾಗ ಮುಂದಿಂದು ಹಿಂದಿಂದು ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ತಿರುಗಲಿಕ್ಕೆ ವ್ಯವಸ್ಥಾ ಇರ್ತದ, ಅವನ್ನ ಡಾಂಬರ್ ಮ್ಯಾಲೆ ಓಡಿಸಬಹುದು. ನೀವು ತಗೊಳ್ಳೂದು ಯಾವ ನಮೂನಿ ಅಂತ ಶೋರೂಮಿನ್ಯಾಗ ಬಾಯಿ ಬಿಟ್ಟು ಕೇಳ್ರಿ, ಹೇಳಲಿಕ್ಕೆ ಬರಲಿಲ್ಲ ಅಂದ್ರ ಎದ್ದು ಬರ್ರಿ.

ಅದ ಜುಲೈ 25ಕ್ಕ ಖಡಕವಾಸ್ಲಾ ಡ್ಯಾಮಿನಿಂದ ನೀರು ಬಿಟ್ಟು ಸಿಂಹಗಡ ರೋಡಿನ ಏಕತಾನಗರಿ ಒಳಗ ನೀರು ಹೊಕ್ಕಿತ್ತಲ್ಲ, ಆಗ ನಮ್ಮ ಸೊಸೈಟಿಯವರೊಬ್ಬರು "ನಿಮ್ಮ ಗಾಡಿ ತಗೀರಿ, ಅದು ನೀರಾಗ ಹೋಗ್ತದ" ಅಂದ್ರು. ನಾನು ಕೈ ಮುಗದೆ. ಎಂಜಿನ್ ಒಳಗ ನೀರು ಎಳಕೊಂಡ್ರ ಎಷ್ಟು ಗಾಲಿ ತಿರುಗಿದ್ರೂ ಅಷ್ಟ. ಮತ್ತ ಸಾದಾ ಇನ್ಶೂರೆನ್ಸಿನ್ಯಾಗ ಆ ಎಂಜಿನ್ ಖರ್ಚು ಸಾಮಾನ್ಯವಾಗಿ ಸಿಗೂದಿಲ್ಲ, ಎಂಜಿನ್ ಪ್ರೊಟೆಕ್ಷನ್ ಅಂತ ಬ್ಯಾರೆ ತಗೋಬೇಕು. ನೀರಾಗ ಬಂದ್ ಬಿದ್ದ ಗಾಡಿಗೆ ಸೆಲ್ಫ್ ಮಾತ್ರ ಹೊಡೀಬ್ಯಾಡ್ರಿ, ಸಣ್ಣ ಗಾಡಿ ಇರಲಿ ದೊಡ್ಡದಿರಲಿ.

ಡಿಪಿಎಫ್ ಕಥಿ ಬ್ಯಾರೆ. ಬಿಎಸ್6 ಅನ್ನೂ ಮಾಲಿನ್ಯ ನಿಯಮದ ಡೀಸೆಲ್ ಗಾಡಿಗೆ ಹೊಗಿ ಮಸಿ ಹಿಡಿಯೂ ಒಂದು ಫಿಲ್ಟರ್ ಇರ್ತದ, ಆ ಮಸಿ ಸುಡಬೇಕಂದ್ರ ಗಾಡಿ ಬಿಸಿ ಆಗಿ ಒಂದ ಸಮಾ ಓಡಬೇಕು. ನಮ್ಮಾಕಿ ಹುಡುಗ್ರನ್ನ ಸಾಲಿಗೆ ಬಿಡೂದು 3 ಕಿಲೋಮೀಟರ್, ನನ್ನ ಹಿಂಜವಡಿ ಟ್ರಾಫಿಕ್ ಅಂತೂ ನಿಮಗ ಗೊತ್ತ ಅದ. ತಿಂಗಳಿಗೊಮ್ಮೆ ಲೈಟ್ ಹತ್ತತಿತ್ತು. ರವಿವಾರ ಮುಂಜಾನೆ ಎಲ್ಲಾರೂ ಮಿಸಳ್ ತಿನ್ಲಿಕ್ಕೆ ಹೋದ್ರ ನಾನು ಖೇಡ ಶಿವಾಪುರ ಟೋಲ್ ತನಕ ಹೋಗಿ ಟೋಲ್ ಮುಂದ ಹೊಳ್ಳಿ ಬರೂದು, ಒಬ್ಬಾಂವನ, ಮಸಿ ಸುಡಲಿಕ್ಕೆ. ಊರಾಗ ಮೈಲೇಜ್ 8, ಒಮ್ಮೊಮ್ಮೆ 9. ವರ್ಷಾ ಥರ್ಡ್ ಪಾರ್ಟಿ ಪ್ರೀಮಿಯಂ ಸುದ್ದಾ 1500 ಸಿಸಿ ಮ್ಯಾಲಿದ್ರ ಆಗ 7,897 ಇತ್ತು, 1000ದಿಂದ 1500 ಸಿಸಿ ಒಳಗಿದ್ರ 3,416.

ಕಡೀ ಆಶಾ ಗೋವಾದ್ದಿತ್ತು. ಡಿಸೆಂಬರ್ ಸೂಟಿಗೆ ಧಾರವಾಡಕ್ಕ ಹೋದವರು ಅಲ್ಲಿಂದ ಅನಮೋಡ ಘಾಟ್ ಇಳದು ಕುಳೆಕ್ಕ ಹೋದ್ವಿ, ದೂಧಸಾಗರಕ್ಕ ನಮ್ಮ ಗಾಡ್ಯಾಗನ ನೀರು ದಾಟಿ ಹೋಗೂದು ಅಂತ ಹುಡುಗ್ರಿಗೆ ಎರಡು ತಿಂಗಳಿಂದ ಹೇಳ್ಕೋತ ಬಂದಿದ್ದೆ. ಗೇಟಿನ್ಯಾಗ ನಿಲ್ಲಿಸಿದ್ರು. ಅದು ಮಹಾವೀರ ಅಭಯಾರಣ್ಯ, ಅಲ್ಲಿ ಪರವಾನಗಿ ಇದ್ದ ಸ್ಥಳೀಯ ಜೀಪ್ ಮಾತ್ರ ಒಳಗ, ಖಾಸಗಿ ಗಾಡಿ ಬಿಡೂದಿಲ್ಲ. ಗಾಡಿ ಪಾರ್ಕಿಂಗಿನ್ಯಾಗ ನಿಲ್ಲಿಸಿ ರೊಕ್ಕಾ ಕೊಟ್ಟು ಬಾಡಿಗಿ ಜೀಪಿನ್ಯಾಗ ಹೋದ್ವಿ. ಡ್ರೈವರ್ ಕಾಲಾಗ ಹವಾಯಿ ಚಪ್ಪಲ್ಲು, ಒಂದು ಕೈಯಾಗ ಸ್ಟೀರಿಂಗು, ಮೊಣಕಾಲುದ್ದ ನೀರಾಗ ಆ ಹಳೇ ಜೀಪ್ ಎಮ್ಮಿ ಹೋದಂಗ ಹೋತು. "ಪಪ್ಪಾ, ಇದು ನಮ್ಮ ಗಾಡಿಗಿಂತ ಛಲೋ ಅದ" ಅಂದ ಸಣ್ಣಾಂವ. ಮಾರನೇ ದಿನ ಮೋರಜಿ ಬೀಚಿನ್ಯಾಗ ನಮ್ಮ ಪುಣೆಯ ಎಂಎಚ್12 ನಂಬರಿನ ಒಂದು ಗಾಡಿ ಉಸುಕಿನ್ಯಾಗ ಅಚ್ಚುತನಕ ಹುಗದಿತ್ತು, ಬಾಜೂಕ ಪೊಲೀಸರು. ಗೋವಾ ಬೀಚಿನ ಮ್ಯಾಲೆ ಗಾಡಿ ಓಡಿಸಿದ್ರ ಕೇಸ್ ಹಾಕ್ತಾರ, ತಿಳ್ಕೊಳ್ರಿ. ನಾನು ನೋಡಿ ಸುಮ್ಮನ ಮುಂದ ಹೋದೆ, ಮನಸ್ಸಿನ್ಯಾಗ ಆ ಮನಿಶ್ಯಾ ನಾನ ಆಗಿದ್ದೆ.

ಇದು ಯಾರಿಗೂ ಬ್ಯಾಡ ಅಂತಲ್ಲ. ನಮ್ಮಾಕಿ ಮಾಮಾ ಒಬ್ಬರು ಕಳಸದ ಕಡೆ ತೋಟ ಮಾಡ್ಯಾರ, ಅವರ ಮನಿಗೆ ಜೂನಿಂದ ಸಪ್ಟೆಂಬರ್ ತನಕ ರಸ್ತೆ ಅನ್ನೂದು ಇರೂದಿಲ್ಲ, ಕೆಸರಿನ ಹಳ್ಳ ಇರ್ತದ. ಅವರು ಜೀಪ್ ಇಟ್ಟಾರ, ಇಡಲೇಬೇಕು. ಅವರಿಗೆ ನನ್ನ ಗಾಡಿ ತೋರಿಸಿದಾಗ ಸುತ್ತ ಒಂದು ಸಲ ನೋಡಿ "ಪುಣೆಯಲ್ಲಿ ಎಲ್ಲಿ ಓಡಿಸ್ತೀರಿ ಇದನ್ನ?" ಅಂದಿದ್ರು. ನಾನು ನಕ್ಕೆ, ಅವರು ನಗಲಿಲ್ಲ. ಅವರ ಪ್ರಶ್ನೇನ ನಿಮಗೂ ಕೇಳ್ತೀನಿ. ಹೋದ ವರ್ಷ ಎಷ್ಟು ದಿನ ಡಾಂಬರ್ ಇಲ್ಲದ ಕಡೆ ಸಿಕ್ಕೊಂಡಿದ್ರಿ, ಕ್ಯಾಲೆಂಡರ್ ಹಿಡ್ಕೊಂಡು ಎಣಿಸ್ರಿ, ನಂದು ಸೊನ್ನೆ ಇತ್ತು. ಆ ಹೆಚ್ಚಿನ ಎರಡೂವರಿ ಲಕ್ಷ ಉಳಿಸಿ ಛಲೋ ಟಾಯರ್, ಇಎಸ್‌ಪಿ (ಗಾಡಿ ಜಾರಿದಾಗ ತಾನ ಬ್ರೇಕ್ ಹಾಕಿ ಹಾದಿಗೆ ತರೂ ವ್ಯವಸ್ಥಾ) ಇದ್ದ ಸಾದಾ ಗಾಡಿ ತಗೊಂಡು, ವರ್ಷಕ್ಕೊಮ್ಮೆ ಹುಕಿ ಬಂದ್ರ ಬಾಡಿಗಿ ಜೀಪ್ ಹತ್ತಬಹುದು. ಮತ್ತ ಪಾರ್ಕಿಂಗ್ ಪಟ್ಟಿ ಓದ್ರಿ ಮಾರಾಯ್ರ.

ಮಾರೂದರಾಗೂ ನನ್ನ ನಸೀಬ. 2025 ಸಪ್ಟೆಂಬರ್ 22ಕ್ಕ ಆ 28 ಪರ್ಸೆಂಟ್ ಜಿಎಸ್‌ಟಿ ಮತ್ತ 22 ಪರ್ಸೆಂಟ್ ಸೆಸ್ ಹೋಗಿ ಬರೇ 40 ಪರ್ಸೆಂಟ್ ಜಿಎಸ್‌ಟಿ ಆತು, ಹೊಸಾ ಗಾಡಿ ಸೋವಿ ಆದ್ವು, ನನ್ನ ಹಳೇದರ ರೇಟ್ ಮತ್ತಷ್ಟು ಬಿತ್ತು. ನವೆಂಬರಿನ್ಯಾಗ 17 ಲಕ್ಷಕ್ಕ ಕೊಟ್ಟೆ. ತಗೊಂಡಾಂವ ಚಿಂಚವಡದ ಹುಡುಗ, ಜೋಡಿ ಹೆಂಡ್ತಿ, ಕಂಕುಳಾಗ ಕೂಸು. ಟ್ರಾನ್ಸ್‌ಫರ್ ಕೇಸಿನ ಬಿಲ್ ಸಮೇತ ಎಲ್ಲಾ ತೋರಿಸಿದೆ, ಯಾಕ ಹೋತು, ಹೆಂಗ ಹೋತು, ಸ್ಪ್ಯಾನರ್ ಇರಲಿಲ್ಲ ಎರಡು ಪೆನ್ ಇಟ್ಟು ತಿಳಿಸಿದೆ. ಆಕಿ ಲಕ್ಷ್ಯಗೊಟ್ಟು ಕೇಳಿದ್ಲು. ಆಂವ ಹೂಂ ಹೂಂ ಅಂದ. ಆಮ್ಯಾಲೆ ಟೆಸ್ಟ್ ಡ್ರೈವಿಗೆ ಕೂತ, ಗಲ್ಲಿ ದಾಟಿ ಬೈಪಾಸ್ ಸರ್ವಿಸ್ ರೋಡಿಗೆ ಬಂದ್ವಿ, ಮಟಮಟ ಮಧ್ಯಾಹ್ನ, ರಸ್ತೆ ಬಿಸಲಿಗೆ ಮಿಂಚ್ತದ, ಆಂವ ಒಂದು ಕೈ ಸ್ಟೀರಿಂಗ್ ಮ್ಯಾಲಿಟ್ಟು ಇನ್ನೊಂದು ಕೈ ಸೀದಾ ಆ ಗುಬುಟಿ ಕಡೆ ಒಯ್ದ. ನಾನು ಕೈ ಹಿಡ್ಕೊಂಡೆ.